ಶ್ರೀಮಾನ್ ಐವತ್ತು ರೂಪಾಯಿಯವರಿಗೊಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಐವತ್ತು ರೂಪಾಯಿಯವರು,
ಸೆಕ್ಷನ್ 11, ಪ್ರಾಣಿ ಹಿಂಸೆ ತಡೆ ಕಾಯ್ದೆ, 1960.

ಮಾನ್ಯರೇ,

ನಾನು ಕೊಡಗಿನ ಪ್ರಾಣಿದಯಾ ಸಂಸ್ಥೆಯೊಂದರ ರಕ್ಷಣಾ ಅಧಿಕಾರಿ. ಜೀಪಿನಲ್ಲಿ ಬಲೆ, ಬೋನು, ಗೋಣಿಚೀಲ, ಚರ್ಮದ ಕೈಗವಸು, ಕಟಿಂಗ್ ಪ್ಲೇಯರ್ ಇಟ್ಟುಕೊಂಡು ತಿರುಗುತ್ತೇನೆ. ನಾಯಿಗೆ ಬಲೆ ಇದೆ, ಹಾವಿಗೆ ಚೀಲ ಇದೆ. ಮನುಷ್ಯರನ್ನು ಹೆದರಿಸಲು ಸರಕಾರ ನಮಗೆ ದಯಪಾಲಿಸಿರುವುದು ಮಾತ್ರ ತಮ್ಮೊಬ್ಬರನ್ನೇ, ಅಂದರೆ ಪ್ರಾಣಿ ಹಿಂಸೆಯ ಮೊದಲ ತಪ್ಪಿಗಿರುವ ಗರಿಷ್ಠ ದಂಡವನ್ನು. ಆದ್ದರಿಂದ ನಾವಿಬ್ಬರೂ ಸಹೋದ್ಯೋಗಿಗಳು. ಆ ಸಲಿಗೆಯಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ತಾವು ಹುಟ್ಟಿದಾಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೇ ವರ್ಷವಾಗಿತ್ತು. ರಾಜ್ಯಸಭೆಯಲ್ಲಿ ರುಕ್ಮಿಣಿ ದೇವಿ ಅರುಂಡೇಲ್ ಖಾಸಗಿ ಮಸೂದೆ ತಂದು, ನೆಹರೂ ಅವರ ಭರವಸೆಯ ಮೇಲೆ ಅದನ್ನು ಹಿಂಪಡೆದು, ವರ್ಷಗಟ್ಟಲೆ ಕಾದ ಮೇಲೆ ಬಂದ ಕಾಯ್ದೆಯ ಕೂಸು ತಾವು. ಆಗ ತಮಗೆ ತೂಕವಿತ್ತು. ಹತ್ತು ಗ್ರಾಂ ಚಿನ್ನ ನೂರಹತ್ತು ರೂಪಾಯಿ ಆಸುಪಾಸಿನಲ್ಲಿದ್ದ ಕಾಲ. ಎತ್ತಿಗೆ ಹೊಡೆದವನು ಅರ್ಧ ಪವನಿಗಿಂತ ಹೆಚ್ಚು ಚಿನ್ನ ಬಿಚ್ಚಿಡಬೇಕಾಗಿ ಬರಬಹುದಿತ್ತು. ಈಗ ತಮ್ಮನ್ನು ಕೊಟ್ಟರೆ ಕುಶಾಲನಗರದಲ್ಲಿ ಒಂದು ಎಳನೀರಾದರೂ ಸಿಕ್ಕೀತೆಂಬ ಧೈರ್ಯ ನನಗಿಲ್ಲ. ಐವತ್ತು ಕೆ.ಜಿ. ರೊಬಸ್ಟಾ ಚೆರ್ರಿ 2024ರಲ್ಲಿ ಹತ್ತು ಸಾವಿರ ದಾಟಿತು. ಹೆಲ್ಮೆಟ್ ಹಾಕದವನ ದಂಡ ಐನೂರಕ್ಕೆ ಏರಿತು. ತಾವೊಬ್ಬರು ಮಾತ್ರ ಕದಲಲಿಲ್ಲ. ಹೆಲ್ಮೆಟ್ ಧರಿಸಿ ಬಂದು ನಾಯಿಮರಿಗಳನ್ನು ಸಂಪಾಜೆ ಘಾಟಿಯಲ್ಲಿ ಎಸೆದು ಹೋಗುವವನಿಗೆ ನಾನೂರೈವತ್ತು ರೂಪಾಯಿ ಉಳಿತಾಯ ಮಾಡಿಕೊಟ್ಟ ಕೀರ್ತಿ ತಮ್ಮದು.

ತಮ್ಮ ಹೆಸರು ಹೇಳಿದಾಗ ಜನ ಹೇಗೆ ನಡುಗುತ್ತಾರೆಂದು ತಿಳಿಸಬೇಕು. ಒಂದು ತೋಟದಲ್ಲಿ, ಕೂರಲೂ ಆಗದಷ್ಟು ಗಿಡ್ಡ ಸರಪಳಿಯಲ್ಲಿ ನಾಯಿಯೊಂದನ್ನು ತಿಂಗಳುಗಟ್ಟಲೆ ಕಟ್ಟಿದ್ದರು. ಇದು ಅಪರಾಧ ಎಂದೆ. ಸಾಹುಕಾರರು ನನ್ನನ್ನು ಕೂರಿಸಿ, ಕಾಫಿ ತರಿಸಿ, "ಫೈನು ಎಷ್ಟು ಬೀಳ್ತದೆ ಮಾರಾಯ?" ಎಂದರು. ಹೇಳಿದೆ. ಪರ್ಸಿನಿಂದ ನೂರರ ನೋಟು ತೆಗೆದು, "ಚಿಲ್ಲರೆ ಬೇಡ. ಹಿಂದೆ ಇನ್ನೊಂದು ಉಂಟು, ಅದಕ್ಕೂ ಸೇರಿಸಿಕೊ" ಎಂದರು. ದಂಡ ಹಾಕುವುದು ನಾನಲ್ಲ, ನ್ಯಾಯಾಲಯ ಎಂದು ವಿವರಿಸಿದಾಗ ಅವರಿಗೆ ನಿಜವಾಗಿ ಬೇಜಾರಾಯಿತು. ಐವತ್ತು ರೂಪಾಯಿಗೆ ಮಡಿಕೇರಿಯವರೆಗೆ ಹೋಗಬೇಕೇ!

ಕೋರ್ಟಿನ ದಾರಿಯೂ ತಮ್ಮ ಮನೆತನದವರೇ ಕಡಿದಿಟ್ಟದ್ದು. ಸೆಕ್ಷನ್ 11ರ ಬಹುಪಾಲು ಅಪರಾಧಗಳಿಗೆ ಪೊಲೀಸರು ತಾವಾಗಿಯೇ ಕೈಹಾಕುವಂತಿಲ್ಲ, ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಸೆಕ್ಷನ್ 36ರ ಪ್ರಕಾರ ಮೂರು ತಿಂಗಳು ಕಳೆದರೆ ಮೊಕದ್ದಮೆಯೇ ಇಲ್ಲ. ನಮ್ಮ ಮಳೆಗಾಲಕ್ಕೆ ನಾಲ್ಕು ತಿಂಗಳು. ಜೂನಿನಲ್ಲಿ ಮಾಡಿದ ಕ್ರೌರ್ಯ ಮಳೆ ನಿಲ್ಲುವ ಮೊದಲೇ ತೊಳೆದುಹೋಗಿರುತ್ತದೆ. ಮೂರು ವರ್ಷದೊಳಗೆ ಅದೇ ಮನುಷ್ಯ ಮತ್ತೆ ಸಿಕ್ಕಿಬಿದ್ದರೆ ತಮ್ಮ ಅಣ್ಣ ನೂರು ರೂಪಾಯಿಯವರು, ಬೇಕಿದ್ದರೆ ಮೂರು ತಿಂಗಳ ಜೈಲಿನ ಜೊತೆ, ಬರಬಹುದಂತೆ. ಅವರ ದರ್ಶನಭಾಗ್ಯ ನನಗಿನ್ನೂ ಆಗಿಲ್ಲ.

ಉರುಳಿನ ವಿಷಯ ಕೇಳಿ, ಅದು ನಮ್ಮ ಕಡೆಯ ವಿಶೇಷ. ಬೈಕಿನ ಕ್ಲಚ್ ವೈರನ್ನು ಕುಣಿಕೆ ಮಾಡಿ ಬೇಲಿಯ ಕಂಡಿಗೆ ಕಟ್ಟಿದರೆ ಕಾಡುಹಂದಿ ಬರುತ್ತದೆಂದು ಲೆಕ್ಕ. ಹಂದಿ ಬರುವ ದಾರಿಯಲ್ಲೇ ತೋಟದ ಕಾರ್ಮಿಕರ ಲೈನ್‌ಮನೆಯ ನಾಯಿಯೂ ಬರುತ್ತದೆ, ಚಿರತೆಯೂ ಬರುತ್ತದೆ. ಚಿರತೆ ಸಿಕ್ಕಿದರೆ ಅರಣ್ಯ ಇಲಾಖೆ, ಅರಿವಳಿಕೆ ತಜ್ಞರು, ಕ್ಯಾಮೆರಾಗಳು. ಉರುಳು ಹಾಕಿದವನಿಗೆ ವನ್ಯಜೀವಿ ಕಾಯ್ದೆಯಲ್ಲಿ ಕನಿಷ್ಠ ಮೂರು ವರ್ಷ ಜೈಲು, ಇಪ್ಪತ್ತೈದು ಸಾವಿರ ದಂಡ. ನಾಯಿ ಸಿಕ್ಕಿದರೆ ನಾನು ಮತ್ತು ತಾವು. ಮೊದಲು ಅದರ ಮುಖಕ್ಕೆ ಗೋಣಿ ಹಾಕಬೇಕು, ಒಬ್ಬರು ಸೊಂಟ ಒತ್ತಿ ಹಿಡಿಯಬೇಕು, ಮಾಂಸದೊಳಗೆ ಹೂತ ತಂತಿಯ ಕೆಳಗೆ ಪ್ಲೇಯರ್ ತೂರಿಸಬೇಕು. ತಂತಿ ಎಳೆದಷ್ಟೂ ಬಿಗಿಯುತ್ತದೆ, ನಾಯಿಗೆ ಅದು ಗೊತ್ತಿಲ್ಲ, ಎಳೆಯುತ್ತಲೇ ಇರುತ್ತದೆ. ಅಷ್ಟರಲ್ಲಿ ಸುತ್ತ ನಿಂತವರನ್ನು ಉರುಳು ಯಾರದ್ದೆಂದು ಕೇಳುತ್ತೇನೆ. ಹಂದಿಗೆ ಹಾಕಿದ್ದೆ ಎಂದರೆ ಅರಣ್ಯ ಇಲಾಖೆ, ನಾಯಿಗೆ ಹಾಕಿದ್ದೆ ಎಂದರೆ ಊರವರ ಬೈಗುಳ. ಹೀಗಾಗಿ ಕೊಡಗಿನ ಉರುಳುಗಳಿಗೆಲ್ಲ ಅಪ್ಪ ಅಮ್ಮ ಇಲ್ಲ. ಗಾಳಿಗೆ ಹಾರಿಬಂದು, ತಾವೇ ಗಂಟು ಹಾಕಿಕೊಂಡು ಕೂತಿರುತ್ತವೆ.

ನಮ್ಮ ಜನರೆಲ್ಲ ಕಟುಕರೆಂದು ತಾವು ತಿಳಿಯಬಾರದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳೇ ಇಳಿದು ಬಂದಾಗ, ಉಟ್ಟ ಬಟ್ಟೆಯಲ್ಲಿ ಓಡಿಬಂದವರು ಪರಿಹಾರ ಕೇಂದ್ರದಲ್ಲಿ ಕೂತು ಮನೆಯ ಬಗ್ಗೆ ಕೇಳಲಿಲ್ಲ. "ಹಸುವಿನ ಹಗ್ಗ ಬಿಚ್ಚಿ ಬಂದ್ರಾ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಬಿಚ್ಚದೆ ಬಂದವರಿಗೆ ಅನ್ನ ಇಳಿಯುತ್ತಿರಲಿಲ್ಲ. ಅವರಿಗೆ ತಾವು ಬೇಕಾಗಿರಲಿಲ್ಲ. ತಾವು ಬೇಕಾದದ್ದು ಉಳಿದವರಿಗೆ, ಅಂದರೆ ಹಗ್ಗ ಬಿಚ್ಚಲು ಸಮಯವಿದ್ದೂ ಬಿಚ್ಚದವರಿಗೆ. ಅವರ ಹತ್ತಿರ ಹೋದಾಗಲೇ ತಮ್ಮ ಕಾಲು ನಡುಗುತ್ತದೆ.

ಇನ್ನು ದಯಾಳುಗಳ ಪೈಕಿ ಒಂದು ಜಾತಿ ಇದೆ, ಅವರ ಕರೆ ಬಂದರೆ ನನಗೆ ಕಾಳಿಂಗ ಸರ್ಪದ ಕರೆಯೇ ವಾಸಿ. "ಬೀದಿನಾಯಿಗಳನ್ನು ಹಿಡಿದು ಆನೆಚೌಕೂರಿನ ಕಾಡಿನಲ್ಲಿ ಬಿಟ್ಟುಬನ್ನಿ, ಡೀಸೆಲಿಗೆ ನಾನು ಕೊಡ್ತೇನೆ" ಎನ್ನುತ್ತಾರೆ. ಸಾಕುವವರಿಲ್ಲದ ಕಡೆ ಹಸಿವಿಗೆ ಬಿಟ್ಟು ಬರುವುದೂ ಸೆಕ್ಷನ್ 11ರ ಅಪರಾಧ ಎಂದರೆ, "ಆ ದಂಡವನ್ನೂ ಡೀಸೆಲಿನ ಜೊತೆಗೇ ಹಾಕಿ" ಎನ್ನುತ್ತಾರೆ. ಅಪರಾಧದ ಖರ್ಚಿನ ಪಟ್ಟಿಯಲ್ಲಿ ದಂಡವೂ ಒಂದು ಬಾಬತ್ತಾಗಿರುವುದನ್ನು ತಮ್ಮಿಂದಲೇ ಕಂಡೆ.

ತಮ್ಮ ಓರಗೆಯವರನ್ನು ನೋಡಿ. ದಂಡ ಸಂಹಿತೆಯಲ್ಲಿ ಪ್ರಾಣಿ ಕೊಲ್ಲುವ ಅಪರಾಧಕ್ಕೆ ಪ್ರಾಣಿಯ ಬೆಲೆ ಹತ್ತು ರೂಪಾಯಿ, ಐವತ್ತು ರೂಪಾಯಿ ಎಂದು ಅಳೆಯುತ್ತಿದ್ದ 428, 429ನೇ ಕಲಮುಗಳು 2024ರ ಜುಲೈ 1ರಂದು ಮನೆಗೆ ಹೋದವು. ಭಾರತೀಯ ನ್ಯಾಯ ಸಂಹಿತೆಯ 325 ಬೆಲೆ ಕೇಳುವುದಿಲ್ಲ. ಐದು ವರ್ಷದವರೆಗೆ ಜೈಲು ಎನ್ನುತ್ತದೆ. ಆದರೆ ಅದು ಅನ್ವಯವಾಗಲು ಪ್ರಾಣಿ ಸಾಯಬೇಕು, ಇಲ್ಲವೇ ಊನವಾಗಬೇಕು. ಬರೀ ಹಸಿವು, ಬರೀ ಸರಪಳಿ, ಬರೀ ಏಟು ಇವತ್ತಿಗೂ ತಮ್ಮ ಖಾತೆ. ತಮ್ಮನ್ನು ಸಾವಿರಗಳಿಗೆ ಏರಿಸುವ ಕರಡು ತಿದ್ದುಪಡಿಯನ್ನು 2022ರ ನವೆಂಬರಿನಲ್ಲಿ ಕೇಂದ್ರ ಸರಕಾರ ಜನರ ಮುಂದಿಟ್ಟು, ಅಭಿಪ್ರಾಯ ಕೇಳಿತ್ತು. ಕಾನೂನಾಗಲಿಲ್ಲ. ರಾಜ್ಯ ಸರಕಾರಿ ನೌಕರರೇ ಅರವತ್ತಕ್ಕೆ ನಿವೃತ್ತರಾಗುತ್ತಾರೆ. ತಮಗೆ ಅದೂ ದಾಟಿತು. ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ.

ಇಂತಿ,
ತಮ್ಮ ಸಹೋದ್ಯೋಗಿ,
ಕೊಡಗು.

ತಾ.ಕ.: ಓದುಗರೇ, ಐವತ್ತು ರೂಪಾಯಿಯವರಿಗೆ ಓದು ಬರಹ ಬರುವುದಿಲ್ಲ. ನಮ್ಮ ಸಂಸದರಿಗೆ ಬರುತ್ತದೆ. ಆ ಕರಡು ಎಲ್ಲಿದೆ ಎಂದು ಅವರಿಗೆ ನೀವೂ ಒಂದು ಅಂಚೆ ಕಾರ್ಡು ಬರೆದು ಕೇಳಿ. ಕಾರ್ಡಿಗೆ ಐವತ್ತು ಪೈಸೆ.