ನೆಗ್ಗಿದ ತಟ್ಟೆ

2020ರ ಮಾರ್ಚ್ 22, ಭಾನುವಾರ, ಸಂಜೆ ಐದು ಗಂಟೆ. ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗಳ ತುಂಬ ತಟ್ಟೆ, ಚಮಚ, ಜಾಗಟೆ. ಮೂರನೇ ಮಹಡಿಯವರು ಶಂಖವನ್ನೇ ತಂದಿದ್ದರು. ನಮಗಾಗಿ ದುಡಿಯುವವರಿಗೆ ಕೃತಜ್ಞತೆಯಂತೆ.

25ಕ್ಕೆ ಕೊರೊನಾ ಲಾಕ್‌ಡೌನ್. ಕೆಲಸದಾಕೆಗೆ ಗೇಟಿನಲ್ಲೇ ತಡೆ. ತಟ್ಟೆ ಬಡಿಯಲು ಮನೆಮಂದಿಯೆಲ್ಲ ಇದ್ದರು. ತೊಳೆಯಲು ಒಬ್ಬರೂ ಇಲ್ಲ.

ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ, "ಪೊರಕೆ ಎಲ್ಲಿದೆ?" ಎಂದು ಕೇಳಿದೆ. "ಬಾಗಿಲ ಹಿಂದೆ. ಯಾವತ್ತೂ ಅಲ್ಲೇ ಇತ್ತು ಕಣ್ರೀ" ಎಂದಳು ಹೆಂಡತಿ.

ಇಬ್ಬರಿಗೂ ಮನೆಯಿಂದಲೇ ಆಫೀಸು. ನನ್ನ ಮೀಟಿಂಗಿಗೆ ಬಾಗಿಲು ಹಾಕಿದ ಕೋಣೆ. ಅವಳ ಮೀಟಿಂಗಿಗೆ ಒಲೆಯ ಪಕ್ಕದ ಕಟ್ಟೆ. ಅವಳು ಮ್ಯೂಟ್ ಆಗಬಹುದು, ಕುಕ್ಕರ್ ಆಗುತ್ತದೆಯೇ? ಒಂದೇ ಒಂದು ದಿನ ಪಾತ್ರೆ ತೊಳೆದೆ. ಫೋಟೊ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಯಿತು. ಹೆಬ್ಬೆರಳುಗಳ ಸುರಿಮಳೆ. ಉಳಿದ ದಿನಗಳಲ್ಲಿ ಪಾತ್ರೆ ತೊಳೆದವಳ ಫೋಟೊ? ಯಾರ ಬಳಿಯೂ ಇಲ್ಲ.

ದೂರದರ್ಶನದಲ್ಲಿ ದಿನಕ್ಕೆರಡು ಸಲ ರಾಮಾಯಣ. ನೋಡಿದವರೆಲ್ಲ ಹದಿನಾಲ್ಕು ವರ್ಷದ ವನವಾಸಕ್ಕೆ ಕಣ್ಣೀರಿಟ್ಟು, "ನಮ್ಮದೂ ಅದೇ ಪಾಡು" ಎಂದರು. ಸೋಫಾ ಮೇಲೆ ಕೂತು. ಬೋಂಡಾ ತಿನ್ನುತ್ತ.

ತಿಂಗಳ ಕೊನೆಗೆ ಗ್ರೂಪಿನಲ್ಲಿ ಒಂದು ಗಹನ ಪ್ರಶ್ನೆ: "ಕೆಲಸದವರು ಬರದ ದಿನಗಳಿಗೂ ಸಂಬಳ ಕೊಡಬೇಕಾ?" ಕೇಳಿದ್ದು ಶಂಖದವರು. ಅವರ ಕಂಪನಿ ಅವರಿಗೆ ಪೂರ್ತಿ ಕೊಡುತ್ತಿತ್ತು. ಚರ್ಚೆಯಾಗಿ, ಅರ್ಧ ಸಾಕು ಎಂದಾಯಿತು. ಮಾನವೀಯತೆಯ ದೃಷ್ಟಿಯಿಂದ.

ಮೇ 4ಕ್ಕೆ ಮದ್ಯದಂಗಡಿ ತೆರೆಯಿತು. ಹಾಲಿನ ಪ್ಯಾಕೆಟ್ಟಿಗೂ ಸೋಪು ಹಚ್ಚುತ್ತಿದ್ದ ಮಹನೀಯರು ಬಿಸಿಲಿನ ಕ್ಯೂನಲ್ಲಿ ಬೆನ್ನಿಗೆ ಎದೆ ತಾಗಿಸಿ ನಿಂತರು. ಅವರಿಗೆ ಗೇಟು ಸಲೀಸಾಗಿ ತೆರೆಯಿತು. ವೈರಸ್ಸಿಗೂ ಮುಖ ನೋಡಿ ಮಣೆ ಹಾಕುವುದು ಗೊತ್ತಿರಬೇಕು.

ಇಂಥ ಕಟ್ಟಡಗಳನ್ನು ಕಟ್ಟಿದ ವಲಸೆ ಕೂಲಿಗಳು ಅದೇ ವಾರ ಊರಿಗೆ ಹೊರಟರು. ಮುಖ್ಯಮಂತ್ರಿ ಬಿಲ್ಡರುಗಳ ಜೊತೆ ಮಾತಾಡಿದ್ದೇ ತಡ, ರೈಲುಗಳೇ ರದ್ದು! ಛೀಮಾರಿ ಬಿದ್ದ ಮೇಲೆ ಮತ್ತೆ ಬಿಟ್ಟರು. ಪಾತ್ರೆ ತೊಳೆಯುವವರು ಒಳಗೆ ಬರಬಾರದು, ಗೋಡೆ ಕಟ್ಟುವವರು ಹೊರಗೆ ಹೋಗಬಾರದು.

ಜೂನಿನಲ್ಲಿ ಕೆಲಸದಾಕೆಗೆ ಅಪ್ಪಣೆ ಸಿಕ್ಕಿತು. ಹಣೆಗೆ ಥರ್ಮಾಮೀಟರ್, ಕೈಗೆ ಸ್ಯಾನಿಟೈಸರ್. ಲಿಫ್ಟ್ ಮಾತ್ರ ಬಳಸಬಾರದು. ಆರು ಮಹಡಿ ಹತ್ತಿ, ಏದುಸಿರು ಬಿಡುತ್ತ ಸಿಂಕಿನ ಮುಂದೆ ನಿಂತಳು. ಒಂದು ಸ್ಟೀಲ್ ತಟ್ಟೆಯನ್ನೆತ್ತಿ ತಿರುಗಿಸಿ ನೋಡಿದಳು.

"ಅಕ್ಕಾ, ಇದ್ಯಾಕೆ ಹಿಂಗೆ ನೆಗ್ಗೋಗೈತೆ?"

ಹೆಂಡತಿ ನನ್ನ ಮುಖ ನೋಡಿದಳು. ನಾನು ಮೀಟಿಂಗ್ ಇದೆ ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.