ಹೊಸ ಎಂಜಿನ್ನಿನ ಕಾಲ್ಗುಣ

ನಮ್ಮ ಸಕಲೇಶಪುರದ ಕಡೆ ಜೀಪಿಗೆ ಮುಪ್ಪಿಲ್ಲ. ಬಾಡಿ ತುಕ್ಕು ಹಿಡಿದರೆ ಬಾಡಿ ಬದಲಾಗುತ್ತದೆ, ಎಂಜಿನ್ ಸೊರಗಿದರೆ ಎಂಜಿನ್ ಬದಲಾಗುತ್ತದೆ, ಮಾಲೀಕ ತೀರಿಕೊಂಡರೆ ಮಾಲೀಕನೂ ಬದಲಾಗುತ್ತಾನೆ. ನಂಬರ್ ಪ್ಲೇಟು ಮಾತ್ರ ಅದೇ.

ನಮ್ಮ ಭಾವನವರದು ಪೆಟ್ರೋಲ್ ಜೀಪು. 2,199 ಸಿಸಿಯ ಹರಿಕೇನ್ ಎಂಜಿನ್. ಸದ್ದು ಬಹಳ ನಯ, ಬಾಯಾರಿಕೆ ಬಹಳ ಜೋರು. ತೋಟದಿಂದ ಪೇಟೆಗೆ ಹೋಗಿ ಮೆಣಸು ಮಾರಿದರೆ ಅದರಲ್ಲೊಂದು ಪಾಲು ವಾಪಸ್ ಬರುವ ಪೆಟ್ರೋಲಿಗೇ ಎತ್ತಿಡಬೇಕು. ಈ ಸಂಕಟ ಎಲ್ಲರಿಗೂ ಇದ್ದದ್ದೇ. ಮಹೀಂದ್ರಾದವರು 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯಿಂದ ಲೈಸೆನ್ಸ್ ಪಡೆದು ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಎಂಜಿನ್ ಮಾಡತೊಡಗಿದರು. ನಾಲ್ಕು ಸಿಲಿಂಡರು, ಒಂದೊಂದರ ಬೋರು 90 ಮಿಲಿಮೀಟರು, ಹೆಸರಿನಲ್ಲೇ ಲೆಕ್ಕ ಇದೆ. ಅಂಥದ್ದೊಂದನ್ನು ಭಾವ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹಿಡಿದರು. ನೆಲದ ಮೇಲೆ ಹಳೇ ಟೈರಿನಲ್ಲಿ ಕೂರಿಸಿ, ಓಡಿಸಿ ತೋರಿಸಿಯೇ ಕೊಟ್ಟಿದ್ದರಂತೆ.

ಎಂಜಿನ್ ಬದಲಿಸುವ ಮೊದಲು ಆರ್‌ಟಿಓ ಒಪ್ಪಿಗೆ ಬೇಕು, ಆಮೇಲೆ ಆರ್‌ಸಿಯಲ್ಲೂ ದಾಖಲಾಗಬೇಕು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಭಾವ ಕಾಗದಪತ್ರದಲ್ಲಿ ಕಟ್ಟುನಿಟ್ಟು, ಒಪ್ಪಿಗೆ ಮೊದಲೇ ತಂದಿದ್ದರು. ಜೀಪು ಡೀಸೆಲ್ ಆಗುವುದಕ್ಕೆ ಸರ್ಕಾರ ಒಪ್ಪಿತ್ತು. ಒಪ್ಪಬೇಕಾದದ್ದು ಇನ್ನು ಜೀಪು.

ಮೆಕ್ಯಾನಿಕ್ ಸಾಬ್ರು ಮನೆಗೇ ಬಂದು, ಕಣದ ಪಕ್ಕದ ಶೆಡ್ಡಿನಲ್ಲಿ ಎಂಜಿನ್ ಕೂರಿಸಿದರು. ಸೆಲ್ಫ್ ಹೊಡೆಯುವುದಕ್ಕೆ ನನ್ನನ್ನು ಡ್ರೈವರ್ ಸೀಟಿಗೆ ಹತ್ತಿಸಿದರು. ಮೇಷ್ಟ್ರು ಹೇಳಿದಷ್ಟೇ ಮಾಡುತ್ತಾರೆ, ಬುದ್ಧಿ ಉಪಯೋಗಿಸುವುದಿಲ್ಲ ಎಂಬ ನಂಬಿಕೆ ಅವರದು. ಹೀಟರ್ ಕಾಯಿಸಿದೆ, ಕೀ ತಿರುಗಿಸಿದೆ. ಎಂಜಿನ್ ಗಿರಗಿರ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಸೈಲೆನ್ಸರಿನಿಂದ ಹೊಗೆಯ ಎಳೆಯೂ ಇಲ್ಲ.

“ಹೊಗೇನೇ ಇಲ್ಲ ಅಂದ್ರೆ ಒಳಗೆ ಎಣ್ಣೆ ಹೋಗ್ತಿಲ್ಲ ಗೌಡ್ರೇ. ಗಾಳಿ ಹಿಡಿದಿದೆ, ಬಿಡಿಸ್ಬೇಕು” ಅಂದರು ಸಾಬ್ರು.

ಜಗಲಿಯಲ್ಲಿದ್ದ ಭಾವನವರ ತಾಯಿಗೆ ಕೊನೆಯ ಮಾತಷ್ಟೇ ಕೇಳಿಸಿತು. ಒಳಗಿನಿಂದ ನಿಂಬೆಹಣ್ಣು ಬಂತು. ಸಾಬ್ರು ಅದನ್ನೂ ಬೇಡ ಅನ್ನಲಿಲ್ಲ, ಮುಂದಿನ ಚಕ್ರದ ಕೆಳಗಿಟ್ಟರು.

ಪೆಟ್ರೋಲ್ ಎಂಜಿನ್ನಿಗೆ ಪ್ಲಗ್ಗಿನ ಕಿಡಿ ಇದೆ. ಡೀಸೆಲ್ಲಿಗೆ ಅದಿಲ್ಲ. ಒಳಗಿನ ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಮೀರಿ ಒತ್ತಿ, ಆ ಶಾಖದ ಮೇಲೆ ಎಣ್ಣೆ ಚಿಮ್ಮಿಸಿಯೇ ಹೊತ್ತಿಸಬೇಕು. ಚಿಮ್ಮಬೇಕಾದರೆ ಪೈಪಿನಲ್ಲಿ ಬರೀ ಎಣ್ಣೆ ಇರಬೇಕು. ನಡುವೆ ಒಂದು ಗುಳ್ಳೆ ಸೇರಿದರೂ ಪಂಪಿನ ಒತ್ತಡವೆಲ್ಲ ಅದನ್ನು ಅಮುಕುವುದರಲ್ಲೇ ಕಳೆದು ನಾಝಲ್ಲಿನ ಸೂಜಿ ಏಳುವುದೇ ಇಲ್ಲ. ಸಿಲಿಂಡರಿನೊಳಗೆ ಗಾಳಿಯೇ ದೇವರು, ಪೈಪಿನೊಳಗೆ ಅದೇ ದೆವ್ವ.

ಸಾಬ್ರು ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸಡಿಲಿಸಿ ಹ್ಯಾಂಡ್ ಪಂಪು ಒತ್ತತೊಡಗಿದರು. ಅದು ಒತ್ತಿದಂತೆಲ್ಲ ಮೆತ್ತಗೆ ಒಳಗೆ ಹೋಗುತ್ತಿತ್ತು, ಎಣ್ಣೆ ಮಾತ್ರ ಬರಲಿಲ್ಲ. “ಕ್ಯಾಮ್ ಮೇಲೆ ಕೂತಿದೆ. ಮೇಷ್ಟ್ರೇ, ಒಂದ್ಸಲ ಸೆಲ್ಫ್ ಮುಟ್ಟಿ ಬಿಡಿ.” ಮುಟ್ಟಿ ಬಿಟ್ಟೆ. ಲಿವರಿಗೆ ಈಗ ಬಿಗಿ ಬಂತು. ಸ್ಕ್ರೂವಿನ ಸುತ್ತ ಮೊದಲು ಬಿಳೀ ನೊರೆ ಉಕ್ಕಿತು, ನೊರೆಯ ನಡುವೆ ಗುಳ್ಳೆ ಚಿಟಚಿಟ ಒಡೆದವು, ಆಮೇಲೆ ತಿಳಿಯಾದ ಎಣ್ಣೆ ಬರುತ್ತದೆಂದು ನಾವೆಲ್ಲ ಬಗ್ಗಿ ನೋಡಿದೆವು. ಬರಲಿಲ್ಲ. ನೊರೆಯೇ ಬಂತು, ಬರುತ್ತಲೇ ಇತ್ತು.

ಅಷ್ಟರಲ್ಲಿ ಸುತ್ತಲ ತೋಟದವರು ಸೇರಿದ್ದರು. ಮಲೆನಾಡಿನಲ್ಲಿ ತೆರೆದ ಬಾನೆಟ್ ಎರಡು ಮೈಲಿಯಿಂದ ಕಾಣುತ್ತದೆ. ನಾಝಲ್ ಸರ್ವಿಸ್ ಆಗಬೇಕು ಅಂದರು ಒಬ್ಬರು. ಟೈಮಿಂಗ್ ಒಂದು ಹಲ್ಲು ತಪ್ಪಿದೆ ಅಂದರು ಇನ್ನೊಬ್ಬರು. ಮೂರನೆಯವರು ಮೈಕೋ ಪಂಪನ್ನೇ ಬಿಚ್ಚಿ ಹಾಸನಕ್ಕೆ ಕಳಿಸಿ ಅಂದರು. (1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಹುಟ್ಟಿದ ಮೇಲೆ ನಮ್ಮವರ ಬಾಯಲ್ಲಿ ಡೀಸೆಲ್ ಪಂಪುಗಳೆಲ್ಲ ಮೈಕೋ ಪಂಪೇ, ಯಾರೇ ಮಾಡಿರಲಿ.) ಗುಜರಿಯವರು ಟೋಪಿ ಹಾಕಿದ್ದಾರೆ ಎಂಬಲ್ಲಿ ಮಾತ್ರ ಎಲ್ಲರಿಗೂ ಒಮ್ಮತವಿತ್ತು. ಮನೆಗೆ ಸೊಸೆ ಬಂದ ವಾರವೇ ಹಾಲು ಒಡೆದರೆ ಪಾತ್ರೆ ತೊಳೆದಿತ್ತೇ ಎಂದು ಯಾರೂ ಕೇಳುವುದಿಲ್ಲ, ಕಾಲ್ಗುಣದ ಮಾತೇ ಮೊದಲು. ಎಂಜಿನ್ನಿನ ಗತಿಯೂ ಅದೇ ಆಗಿತ್ತು. ನಲವತ್ತು ವರ್ಷದಿಂದ ಮನೆಯಲ್ಲೇ ಇದ್ದ ಟ್ಯಾಂಕಿನ ಕಡೆಗೆ ಯಾರ ಬೆರಳೂ ತಿರುಗಲಿಲ್ಲ.

ಸಾಬ್ರು ಯಾರಿಗೂ ಉತ್ತರ ಕೊಡಲಿಲ್ಲ. ಪಕ್ಕದ ತೋಟದ ಟ್ರ್ಯಾಕ್ಟರಿನ ಬ್ಯಾಟರಿ ತರಿಸಿ ಜೋಡಿಸಿದರು, ಮತ್ತೆ ಪಂಪು ಒತ್ತಲು ನಿಂತರು. ಶೆಡ್ಡು ನಿಶ್ಶಬ್ದವಾಗಿತ್ತು. ಆಗ ನಾನು ಕೂತಲ್ಲಿಂದ ಗುಳುಗುಳು ಎಂದು ಸದ್ದು ಬಂತು.

ಎಲ್ಲರೂ ನನ್ನ ಕಡೆ ನೋಡಿದರು. ಬೆಳಗ್ಗೆ ಅಕ್ಕ ಹಲಸಿನಹಣ್ಣಿನ ಕಡುಬು ಮಾಡಿದ್ದಳು, ನಾನು ಒತ್ತಾಯಕ್ಕೆ ಕಟ್ಟುಬಿದ್ದು ತಿಂದದ್ದು ನಾಲ್ಕಾರು ಜನಕ್ಕೆ ಗೊತ್ತಿತ್ತು. ಸಾಬ್ರು ಒತ್ತಿದರು, ಮತ್ತೆ ಗುಳುಗುಳು. ಅಕ್ಕ ಒಳಗೆ ಹೋಗಿ ಓಮದ ಕಷಾಯ ತಂದಳು. ನನ್ನದಲ್ಲ ಅಂದೆ. ಇಂಥ ಹೊತ್ತಿನಲ್ಲಿ ಆ ಮಾತನ್ನು ಯಾರು ನಂಬುತ್ತಾರೆ?

ಸಾಬ್ರು ನಂಬಿದರು. “ಮೇಷ್ಟ್ರೇ, ಕೆಳಗಿಳೀರಿ” ಎಂದು ಸೀಟು ಎತ್ತಿದರು. ಈ ಜೀಪಿನಲ್ಲಿ ಟ್ಯಾಂಕು ಇರುವುದೇ ಡ್ರೈವರ್ ಸೀಟಿನ ಕೆಳಗೆ.

ಪೆಟ್ರೋಲ್ ಎಂಜಿನ್ನಿಗೆ ಟ್ಯಾಂಕಿನಿಂದ ಒಂದು ಪೈಪು ಸಾಕಾಗಿತ್ತು. ಡೀಸೆಲ್ಲಿಗೆ ಎರಡು ಬೇಕು, ಹೋಗುವುದಕ್ಕೊಂದು, ಉಳಿದ ಎಣ್ಣೆ ತಿರುಗಿ ಬರುವುದಕ್ಕೊಂದು. ವಾಪಸ್ ಪೈಪಿಗೆಂದು ಟ್ಯಾಂಕಿನ ನೆತ್ತಿಗೆ ತೂತು ಕೊರೆದು ಗಿಡ್ಡ ನಳಿಕೆ ಬೆಸೆಸಿದ್ದರು. ಹಳೇ ಉದ್ದ ನಳಿಕೆ ತಳ ಮುಟ್ಟುತ್ತದೆ, ಹೊಸದು ಮೇಲೇ ನಿಲ್ಲುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಹೋಸುಗಳು ಅದಲುಬದಲಾಗಿದ್ದವು. ಎಂಜಿನ್ನು ಟ್ಯಾಂಕಿನ ನೆತ್ತಿಯ ಗಾಳಿಯನ್ನು ಹೀರಿ, ಅದನ್ನೇ ತಳಕ್ಕೆ ವಾಪಸ್ ಊದುತ್ತಿತ್ತು. ಯಾರು ಜೋಡಿಸಿದ್ದು ಎಂಬ ತನಿಖೆ ನಡೆಯಲಿಲ್ಲ. ಸಾಬ್ರ ಜೊತೆಗಿದ್ದ ಹುಡುಗ ಆ ಹೊತ್ತಿಗೆ ನೀರು ತರಲು ಬಾವಿಗೆ ಹೋಗಿದ್ದ.

ಸ್ಟಾರ್ಟ್ ಆಗಲಿ, ಆಮೇಲೆ ತುಂಬಿಸೋಣ ಎಂದು ಭಾವ ಎಣ್ಣೆ ಕಾಲು ಟ್ಯಾಂಕಷ್ಟೇ ಹಾಕಿದ್ದರು. ಆ ಜಿಪುಣತನವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಟ್ಯಾಂಕ್ ತುಂಬಿದ್ದರೆ ಗಿಡ್ಡ ನಳಿಕೆಯೂ ಮುಳುಗಿ ಜೀಪು ಜಮ್ಮೆಂದು ಹೊರಡುತ್ತಿತ್ತು, ಎಣ್ಣೆ ಬೆರಳಷ್ಟು ಇಳಿದೊಡನೆ ಶಿರಾಡಿ ಘಾಟಿಯ ಯಾವುದೋ ತಿರುವಿನಲ್ಲಿ ನಿಲ್ಲುತ್ತಿತ್ತು.

ಹೋಸು ಬದಲಿಸಿ ಗಾಳಿ ಬಿಡಿಸಿದರು. ನೊರೆ ನಿಂತು ತಿಳಿ ಎಣ್ಣೆ ದಾರದಂತೆ ಇಳಿಯಿತು. ಸೆಲ್ಫ್ ಹೊಡೆದೆ. ಒಂದು ಸಿಲಿಂಡರು ಕೆಮ್ಮಿತು, ಎರಡನೆಯದು ಸೇರಿತು, ಆಮೇಲೆ ಶೆಡ್ಡಿನ ತಗಡೆಲ್ಲ ನಡುಗುವ ಹಾಗೆ ಎಂಜಿನ್ ಎದ್ದುಕೊಂಡಿತು. ಹೊಗೆಯಲ್ಲಿ ಯಾರ ಮುಖವೂ ಕಾಣಲಿಲ್ಲ. ಟೈಮಿಂಗಿನವರು “ನಾನು ಮೊದ್ಲೇ ಹೇಳಿದ್ನಲ್ಲ” ಅಂದದ್ದು ಮಾತ್ರ ಕೇಳಿಸಿತು.

ಭಾವ ಖುಷಿಯಿಂದ ಕೀ ಆಫ್ ಮಾಡಿದರು. ಎಂಜಿನ್ ಓಡುತ್ತಲೇ ಇತ್ತು. ಕೀ ಕಿತ್ತು ಕೈಯಲ್ಲಿ ಹಿಡಿದರು, ಆಗಲೂ ಓಡುತ್ತಿತ್ತು. ಕರೆಂಟು ನಿಂತರೆ ಪೆಟ್ರೋಲ್ ಎಂಜಿನ್ನಿನ ಕಿಡಿ ನಿಂತುಹೋಗುತ್ತದೆ. ಈ ಡೀಸೆಲ್ಲಿಗೆ ಎಣ್ಣೆಯನ್ನೇ ತಡೆಯಬೇಕು, ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಸ್ಟಾಪ್ ಕೇಬಲ್ ಬೇಕು. ಅದನ್ನು ಇನ್ನೂ ಹಾಕಿರಲಿಲ್ಲ.

“ಕೀ ನಿಮ್ಮ ಕೈಯಲ್ಲಿದೆ, ಜೀಪು ಯಾರ ಕೈಯಲ್ಲಿದೆ?” ಎಂದಳು ಅಕ್ಕ.

“ಟಾಪ್ ಗೇರಿಗೆ ಹಾಕು, ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಡು, ನಿಲ್ಲುತ್ತೆ!” ಎಂದು ಭಾವ ನನಗೆ ಕೂಗಿದರು. ಕ್ಲಚ್ ತುಳಿದು ಗೇರು ಹಾಕಿಯೇಬಿಟ್ಟಿದ್ದೆ.

“ಬೇಡಿ ಮೇಷ್ಟ್ರೇ, ಬ್ರೇಕಿಗೆ ಇನ್ನೂ ಆಯಿಲ್ ಹಾಕಿಲ್ಲ!” ಎಂದು ಅರಚುತ್ತಾ ಸಾಬ್ರು ಓಡಿಬಂದು, ಬಾನೆಟ್ಟಿನೊಳಗೆ ತೋಳುದ್ದ ಕೈ ತೂರಿಸಿ ಪಂಪಿನ ಸ್ಟಾಪ್ ಲಿವರನ್ನು ಬೆರಳಲ್ಲೇ ಎಳೆದರು.