ಅಮೆರಿಕಕ್ಕೆ ತಿರುಗಾಟ ಹೋದ ಮೇಳ: ಎಂಬತ್ತರ ದಶಕದ ಟಿವಿ ಕುಸ್ತಿಯ ಕರಾವಳಿ ಮೂಲ

ಎಂಬತ್ತರ ದಶಕದಲ್ಲಿ ಅಮೆರಿಕದ ಟಿವಿಯಲ್ಲಿ ವಾರ ವಾರ ಬರುತ್ತಿದ್ದ ವೃತ್ತಿಪರ ಕುಸ್ತಿಯ ಹುಟ್ಟಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಜಾತ್ರೆಯ ಡೇರೆಗಳಲ್ಲಿ ಪಂಥ ಕಟ್ಟಿ ಸೆಣಸುತ್ತಿದ್ದ ಗಟ್ಟಿಗರಿಂದ ಇದು ಬೆಳೆಯಿತು ಎಂದು ಅಲ್ಲಿಯವರು ಹೇಳುತ್ತಾರೆ. ಫ್ರಾನ್ಸಿನ ರೋಲಾ ಬಾರ್ತ್ 1957ರಲ್ಲಿ ಬಂದ ‘ಮಿಥಾಲಜೀಸ್’ ಪುಸ್ತಕದಲ್ಲಿ ಕುಸ್ತಿಯ ಬಗ್ಗೆಯೇ ಒಂದು ಪ್ರಬಂಧ ಬರೆದು, ಇದನ್ನು ಆಟವೆನ್ನುವುದಕ್ಕಿಂತ ಪ್ರದರ್ಶನ ಎನ್ನಬೇಕು, ಇದರ ನೆಂಟಸ್ತಿಕೆ ಗ್ರೀಕ್ ನಾಟಕದ ಕಡೆಗೆ ಎಂದರು. ಬಾರ್ತ್ ಹಿಡಿದ ದಾರಿ ಸರಿಯಾಗಿತ್ತು, ಇಳಿದ ನಿಲ್ದಾಣ ತಪ್ಪಾಯಿತು. ಪ್ಯಾರಿಸಿನಿಂದ ಹೊರಟವರು ಅಥೆನ್ಸಿನಲ್ಲೇ ಇಳಿದುಬಿಟ್ಟರು. ಇನ್ನಷ್ಟು ಮುಂದೆ ಬಂದು, ಕಾಪುವಿನ ದೀಪಸ್ತಂಭ ಕಾಣುವವರೆಗೆ ಕುಳಿತಿದ್ದರೆ ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ. ನಮ್ಮ ಸಿದ್ಧಾಂತ ಸರಳವಾದದ್ದು. ಆ ಕುಸ್ತಿಯ ಕಂಪನಿಯಾದ ಡಬ್ಲ್ಯುಡಬ್ಲ್ಯುಎಫ್ ಎಂಬುದು ಉಡುಪಿ, ಕಾಪು, ಕಾರ್ಕಳಗಳ ನಡುವೆ ಎಲ್ಲೋ ಗೆಜ್ಜೆ ಕಟ್ಟಿ ಹೊರಟು, ತಿರುಗಾಟ ಮುಗಿಸಿ ಊರಿಗೆ ಮರಳಲು ಮರೆತ ಒಂದು ಯಕ್ಷಗಾನ ಡೇರೆ ಮೇಳ. ವಿಷಯ ಉಡುಪಿಯದ್ದಾದ ಕಾರಣ ಪ್ರಮಾಣಗಳನ್ನೂ ಉಡುಪಿಯಿಂದಲೇ ತೆಗೆದುಕೊಳ್ಳೋಣ: ಪ್ರತ್ಯಕ್ಷ, ಅನುಮಾನ, ಆಗಮ. ಮೂರು ಸಾಕು. ಹೆಚ್ಚು ಪ್ರಮಾಣ ಕೇಳುವವರು ಬೇರೆ ಮತದವರು.

ಪ್ರತ್ಯಕ್ಷದಲ್ಲಿಯೇ ಪೂರ್ವಪಕ್ಷಿ ಅಡ್ಡ ಹಾಕುತ್ತಾನೆ. ಎಂಬತ್ತರ ದಶಕದಲ್ಲಿ ಉಡುಪಿಯ ಹಂಚಿನ ಮನೆಗಳ ಮೇಲೆ ನಿಂತ ಅಂಟೆನಾಗಳಿಗೆ ಸಿಗುತ್ತಿದ್ದದ್ದು ದೂರದರ್ಶನ ಒಂದೇ, ಆ ಕುಸ್ತಿಯ ನಾಯಕ ಹಲ್ಕ್ ಹೋಗನ್ ಬಂದದ್ದು ತೊಂಬತ್ತರ ದಶಕದಲ್ಲಿ ಕೇಬಲ್ಲಿನ ಬೆನ್ನು ಹತ್ತಿ. ನೋಡದ ಕುಸ್ತಿಗೆ ನೀವು ಅಜ್ಜನ ಮನೆಯವರಾದದ್ದು ಹೇಗೆ? ಆಕ್ಷೇಪಕ್ಕೆ ತೂಕವಿದೆ, ಆಳವಿಲ್ಲ. ವಾರಕ್ಕೊಮ್ಮೆ, ಟಿವಿಯಲ್ಲಿ, ವೃತ್ತಿಪರ ಕುಸ್ತಿಪಟು ಎಂಬ ಮೂರೂ ಲಕ್ಷಣಗಳು ಕೂಡಿದ ಕಾರ್ಯಕ್ರಮ ಆ ದಶಕದಲ್ಲಿ ನಮಗೂ ಇತ್ತು. 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರ ಬೆಳಿಗ್ಗೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ನೋಡಿದ ರಮಾನಂದ ಸಾಗರರ ‘ರಾಮಾಯಣ’ದಲ್ಲಿ ಹನುಮಂತನಾಗಿದ್ದವರು ದಾರಾ ಸಿಂಗ್. ಕಿಂಗ್ ಕಾಂಗ್ ಎಂಬ ಭಾರೀ ಆಸಾಮಿಯ ಜತೆ ಸೆಣಸಿದವರು, 1959ರಲ್ಲಿ ಕಲ್ಕತ್ತಾದಲ್ಲಿ ಜಾರ್ಜ್ ಗಾರ್ಡಿಯೆಂಕೊನನ್ನು ಸೋಲಿಸಿ ಕಾಮನ್‌ವೆಲ್ತ್ ಪಟ್ಟ ಗೆದ್ದವರು, 1968ರಲ್ಲಿ ಮುಂಬಯಿಯಲ್ಲಿ ಲೂ ಥೆಸ್‌ನನ್ನು ಮಣಿಸಿದವರು. 1983ರಲ್ಲಿ ಕುಸ್ತಿಯಿಂದ ನಿವೃತ್ತರಾಗಿ, ಅರವತ್ತರ ಹೊಸ್ತಿಲಲ್ಲಿ ಬಾಲ ಕಟ್ಟಿಕೊಂಡು ಮತ್ತೆ ಕಣಕ್ಕಿಳಿದರು. ಉಡುಪಿಯ ಪರಂಪರೆಯಲ್ಲಿ ವಾಯುದೇವರ ಅವತಾರಗಳು ಹನುಮ, ಭೀಮ, ಮಧ್ವ. ಮೊದಲನೆಯವರ ಬಲ ಲಂಕೆಗೆ ಗೊತ್ತು, ಎರಡನೆಯವರದ್ದು ಜರಾಸಂಧನಿಗೆ ಗೊತ್ತು. ಮೂರನೆಯವರ ವಿಷಯಕ್ಕೆ ‘ಸುಮಧ್ವವಿಜಯ’ ನೋಡಬೇಕು. ಗಂಡವಾಟನೆಂಬ ಜಟ್ಟಿ ಆಚಾರ್ಯರ ಕೊರಳು ಅಮುಕಿ ನೋಡಲು ಹೋಗಿ ತಾನೇ ಬೆವತು ಸುಸ್ತಾದ ಪ್ರಸಂಗ ಅಲ್ಲಿದೆ. ಇಂಥ ಪರಂಪರೆಯ ಮೊದಲ ಪೀಠಕ್ಕೆ ಮುಂಬಯಿಯ ನಿರ್ಮಾಪಕರು ವೃತ್ತಿಪರ ಕುಸ್ತಿಪಟುವನ್ನೇ ಹುಡುಕಿ ತಂದದ್ದು ಕಾಕತಾಳೀಯ ಎನ್ನುವವರು ಎನ್ನಲಿ. (ಮುಂದೆ ಬಂದ ‘ಮಹಾಭಾರತ’ದವರಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಎರಡು ಸಲ ಡಿಸ್ಕಸ್ ಎಸೆದು ಚಿನ್ನ ಗೆದ್ದ ಪ್ರವೀಣ್ ಕುಮಾರರನ್ನು ಭೀಮನಾಗಿ ಮಾಡಿ, ಚಕ್ರ ಎಸೆಯುವವನ ಕೈಗೆ ಗದೆ ಕೊಟ್ಟರು.)

ಆಗಮಕ್ಕೆ ಕಾರ್ಕಳದ ಬೆಟ್ಟ ಹತ್ತಬೇಕು. 1432ರಲ್ಲಿ ಪ್ರತಿಷ್ಠೆಯಾದ ಅಲ್ಲಿನ ಸುಮಾರು 42 ಅಡಿಯ ಗೊಮ್ಮಟನನ್ನು ಕಲಾ ಇತಿಹಾಸಕಾರರು ವೈರಾಗ್ಯದ ಮೂರ್ತಿ ಎಂದು ವರ್ಣಿಸಿ ಸುಮ್ಮನಾಗುತ್ತಾರೆ. ಆ ವೈರಾಗ್ಯಕ್ಕೆ ಸ್ವಲ್ಪ ಮುಂಚೆ ಏನಾಯಿತು ಎಂದು ಕೇಳುವವರಿಲ್ಲ. ಅಣ್ಣ ಭರತ, ಗೊಮ್ಮಟನೆನಿಸಿದ ತಮ್ಮ ಬಾಹುಬಲಿ ಇವರ ನಡುವೆ ದೃಷ್ಟಿಯುದ್ಧ, ಜಲಯುದ್ಧ, ಕೊನೆಗೆ ಮಲ್ಲಯುದ್ಧ. ಮೂರರಲ್ಲಿಯೂ ತಮ್ಮನೇ ಮೇಲು. ಮಲ್ಲಯುದ್ಧದಲ್ಲಿ ಚಕ್ರವರ್ತಿಯನ್ನು ತಲೆಯ ಮೇಲಕ್ಕೆತ್ತಿದವನು ನೆಲಕ್ಕೆ ಅಪ್ಪಳಿಸದೆ ಇಳಿಸಿದ. ಸೋತ ಅಣ್ಣ ಮಾಡಿದ್ದೇನು? ಪಂದ್ಯ ಮುಗಿದ ಮೇಲೆ, ನಿಯಮಕ್ಕೆ ಹೊರತಾಗಿ, ಚಕ್ರರತ್ನವನ್ನು ಪ್ರಯೋಗಿಸಿದ. ಗಂಟೆ ಬಾರಿಸಿದ ಮೇಲೆ ಹಿಂದಿನಿಂದ ಬಂದು ಕಬ್ಬಿಣದ ಕುರ್ಚಿಯಲ್ಲಿ ಬಾರಿಸುವ ಪದ್ಧತಿಗೆ ಇದಕ್ಕಿಂತ ಹಳೆಯ ಉಲ್ಲೇಖ ಸಿಕ್ಕರೆ ಪಂಡಿತರು ತಿಳಿಸಬಹುದು. ಚಕ್ರ ಬಾಹುಬಲಿಗೆ ಸುತ್ತು ಬಂದು ನಿಂತಿತು, ಪಟ್ಟ ಗೆದ್ದವನು ಪಟ್ಟವನ್ನೇ ಬಿಟ್ಟು ಕಾಡಿಗೆ ಹೋದ. 1987ರ ಮಾರ್ಚ್ 29ರಂದು ಮಿಷಿಗನ್ನಿನ ಪಾಂಟಿಯಾಕ್ ಕ್ರೀಡಾಂಗಣದಲ್ಲಿ ಹಲ್ಕ್ ಹೋಗನ್, 7 ಅಡಿ 4 ಅಂಗುಲ ಎಂದು ಸಾರಲಾಗುತ್ತಿದ್ದ ಆಂಡ್ರೆ ದಿ ಜಯಂಟನನ್ನು ಹೀಗೆಯೇ ಎತ್ತಿದ. ಆದರೆ ಎತ್ತಿ ಅಪ್ಪಳಿಸಿದ, ಪಟ್ಟಿಯನ್ನೂ ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ಹೋದ. ಪ್ರತಿ ಮಾಡುವಾಗ ಲಿಪಿಕಾರ ಕೊನೆಯ ಓಲೆ ಕಳೆದುಕೊಂಡರೆ ಆಗುವ ಅನಾಹುತ ಇಂಥದ್ದು. ಗೊಮ್ಮಟನ 42 ಅಡಿ, ಅಷ್ಟಮಿಯ ಹುಲಿವೇಷದವರು ಹಲ್ಲಿನಲ್ಲಿ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುವ ಅಕ್ಕಿ ಮುಡಿಯ 42 ಸೇರು, ಇವೆರಡರ ನಡುವಿನ ಸಂಬಂಧವನ್ನು ಸದ್ಯಕ್ಕೆ ಹೇಳದೆ ಬಿಡುತ್ತೇವೆ. ಪಿಎಚ್‌ಡಿ ಮಾಡುವವರಿಗೂ ಏನಾದರೂ ಉಳಿಯಬೇಕು.

ಇನ್ನು ಅನುಮಾನ. ಹೊಗೆ ಇದ್ದಲ್ಲಿ ಬೆಂಕಿ ಇರುವಂತೆ, ವೇಷದ ಅಬ್ಬರದ ಪ್ರವೇಶವಾದ ಒಡ್ಡೋಲಗ ಇದ್ದಲ್ಲಿ ಮೇಳ ಇರಬೇಕು. ರ‍್ಯಾಂಡಿ ಸ್ಯಾವೇಜ್ ಎಂಬಾತ ಮಿರಿಮಿರಿ ನಿಲುವಂಗಿ, ಕಪ್ಪು ಕನ್ನಡಕ ಧರಿಸಿ, ನಿಧಾನಗತಿಯ ವಾದ್ಯಕ್ಕೆ ಒಂದು ಬೆರಳೆತ್ತಿ ಗರಗರ ತಿರುಗುತ್ತ ಬರುತ್ತಿದ್ದ. ರಾಡಿ ಪೈಪರ್ ಹಿಮ್ಮೇಳಕ್ಕೆ ಬ್ಯಾಗ್‌ಪೈಪ್ ಇಟ್ಟುಕೊಂಡಿದ್ದ. ಜೇಕ್ ರಾಬರ್ಟ್ಸ್ ಹೆಗಲ ಚೀಲದಲ್ಲಿ ಹೆಬ್ಬಾವು ತಂದು ಮೂಲೆಯಲ್ಲಿ ಇಡುತ್ತಿದ್ದ. ವೇಷ ಕಟ್ಟಲು, ಬರಲು, ತಿರುಗಲು, ಗದರಲು ಇಷ್ಟು ಹೊತ್ತು ತೆಗೆದುಕೊಂಡು, ಸಾಯಲು ಮಾತ್ರ ಕ್ಷಣ ತೆಗೆದುಕೊಳ್ಳುವ ಅನುಪಾತವನ್ನು ಗಮನಿಸಬೇಕು. ಹಾಂಕಿ ಟಾಂಕ್ ಮ್ಯಾನ್ ಎಂಬ ಖಳ ಒಂದು ವರ್ಷಕ್ಕೂ ಮಿಕ್ಕಿ ಹೊತ್ತು ಮೆರೆದ ಪಟ್ಟವನ್ನು 1988ರ ಆಗಸ್ಟ್ 29ರಂದು ಅಲ್ಟಿಮೇಟ್ ವಾರಿಯರ್ ಅರ್ಧ ನಿಮಿಷದಲ್ಲಿ ಕಿತ್ತುಕೊಂಡ. ‘ದೇವಿ ಮಹಾತ್ಮೆ’ಯ ಮಹಿಷಾಸುರ ಪ್ರೇಕ್ಷಕರ ಹಿಂದಿನಿಂದ, ದೊಂದಿ ಬೆಳಕಿನಲ್ಲಿ, ಅಟ್ಟಹಾಸ ಮಾಡುತ್ತ, ಮಲಗಿದ ಮಕ್ಕಳನ್ನೆಲ್ಲ ಎಬ್ಬಿಸುತ್ತ ರಂಗಕ್ಕೆ ಬರುವ ಹೊತ್ತನ್ನೂ ಆಮೇಲೆ ದೇವಿಯ ಕೈಯಲ್ಲಿ ಸಾಯುವ ಹೊತ್ತನ್ನೂ ಲೆಕ್ಕ ಹಾಕಿದರೆ ಎರಡೂ ಒಂದೇ ತ್ರೈರಾಶಿ. ಕಂಪನಿಯ ಯಜಮಾನ ವಿನ್ಸ್ ಮೆಕ್‌ಮಹನ್ ತಾನು ಯಜಮಾನನೆಂಬುದನ್ನು ಟಿವಿಯಲ್ಲಿ ಹೇಳಿಕೊಳ್ಳದೆ, ಬದಿಯಲ್ಲಿ ಕುಳಿತು ಕಥೆ ಹೇಳುವ ಭಾಗವತನಾಗಿದ್ದ. ಯಾವಾಗ ಯಾರು ಬೀಳಬೇಕೆಂದು ಭಾಗವತನಿಗೆ ಗೊತ್ತು, ಆದರೂ ಪ್ರತಿ ಸಲ ಗಾಬರಿಯಾದವನಂತೆ ಹಾಡುತ್ತಾನೆ. ಈ ಮೇಳ ತೆಂಕುತಿಟ್ಟಿನದೋ ಬಡಗುತಿಟ್ಟಿನದೋ ಎಂಬ ಜಗಳ ಮಾತ್ರ ಬಾಕಿ. ಸ್ಯಾವೇಜನ ನಡೆ ಬಡಗಿನದ್ದು, ಆಂಡ್ರೆಯ ಆಕಾರ ತೆಂಕಿನ ಬಣ್ಣದ ವೇಷದ್ದು. ಉಡುಪಿ ಎರಡರ ಗಡಿಯಲ್ಲಿರುವುದರಿಂದ ನಮ್ಮ ವಾದಕ್ಕೆ ಎರಡೂ ಲಾಭವೇ.

ಆಂಡ್ರೆಯ ಕಥೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೋಗನ್‌ನ ಹಳೆಯ ಗೆಳೆಯ. 1987ರ ಆರಂಭದಲ್ಲಿ ಗೆಳೆಯನಿಗೆ ದೊಡ್ಡ ಟ್ರೋಫಿ, ತನಗೆ ಸಣ್ಣದು ಸಿಕ್ಕಿತೆಂಬ ನೋವಿನಲ್ಲಿ ಬಾಬಿ ಹೀನನ್ ಎಂಬ ಕುಟಿಲ ಮ್ಯಾನೇಜರನ ಪಾಳೆಯಕ್ಕೆ ಹೋದ. ಮರ್ಯಾದೆ ಸಿಗದ ಕಡೆಯಿಂದ ಮರ್ಯಾದೆ ಕೊಟ್ಟವನ ಕಡೆಗೆ, ಅವನು ಕೆಟ್ಟವನೆಂದು ಗೊತ್ತಿದ್ದೂ ಹೋಗುವ ಮಹಾಕಾಯನನ್ನು ಕರಾವಳಿಯಲ್ಲಿ ಕರ್ಣ ಎನ್ನುತ್ತಾರೆ. ಮುಂದಿನ ವರ್ಷ ಫೆಬ್ರವರಿ 5ರಂದು ನಡೆದದ್ದು ಇನ್ನೂ ಸ್ಪಷ್ಟವಾದ ಸಾಕ್ಷ್ಯ. ಮೂರು ಕೋಟಿಗೂ ಹೆಚ್ಚು ಮಂದಿ ನೋಡಿದ ಆ ಪಂದ್ಯದಲ್ಲಿ ಹೋಗನ್‌ನ ಭುಜ ನೆಲದಿಂದ ಮೇಲೆದ್ದಿದ್ದರೂ ರೆಫರಿ ಮೂರರವರೆಗೆ ಎಣಿಸಿ ಆಂಡ್ರೆಯನ್ನು ಗೆಲ್ಲಿಸಿದ. ಮರುಕ್ಷಣ ಕಣದಲ್ಲಿ ಅದೇ ಮುಖದ ಇನ್ನೊಬ್ಬ ರೆಫರಿ! ನಿಜಕ್ಕೂ ಅವಳಿಗಳಾದ ಹೆಬ್ನರ್ ಸಹೋದರರು. ಅಮೆರಿಕ ದಂಗಾಯಿತು. ‘ವಾಲಿಮೋಕ್ಷ’ ಕೇಳಿದವರು ದಂಗಾಗುವ ಪ್ರಶ್ನೆ ಇರಲಿಲ್ಲ: ಅಲ್ಲಿ ವಾಲಿ, ಸುಗ್ರೀವ ಇಬ್ಬರೂ ಒಂದೇ ಥರ ಕಂಡು ರಾಮನಿಗೂ ಬಾಣ ಬಿಡಲಾಗದೆ, ಎರಡನೆಯ ಸುತ್ತಿಗೆ ಸುಗ್ರೀವನ ಕೊರಳಿಗೆ ಮಾಲೆ ಹಾಕಿಸಬೇಕಾಯಿತು. ಇಬ್ಬರ ಸೆಣಸಾಟದ ನಡುವೆ ಮೂರನೆಯವನು ಮರೆಯಿಂದ ಕೈಹಾಕುವ ಪದ್ಧತಿಯೂ ಅಲ್ಲಿಯದ್ದೇ. ಹಾಗೆ ಬಿದ್ದ ವಾಲಿ ಸುಮ್ಮನೆ ಸಾಯುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವೇಷವಿಲ್ಲದೆ ಮಾತಿನಲ್ಲೇ ನಡೆಯುವ ತಾಳಮದ್ದಳೆಯಲ್ಲಿ ವಾಲಿಯಾಗಿ ಅರ್ಥ ಹೇಳಲು ಕುಳಿತರೆ ರಾಮನ ಪಕ್ಷದವರಿಗೂ ಒಂದು ಗಳಿಗೆ ಸಂಶಯ ಬರುತ್ತಿತ್ತು. ಜೆಸ್ಸಿ ವೆಂಚುರಾ ಎಂಬ ವೀಕ್ಷಕ ವಿವರಣೆಗಾರ ಯಾವಾಗಲೂ ಖಳರ ಪರವಾಗಿಯೇ ಮಾತಾಡಿ, ಹೋಗನ್‌ನ ಒಳ್ಳೆಯತನದಲ್ಲಿ ತೂತು ಹುಡುಕುತ್ತಿದ್ದ. ತಾಳಮದ್ದಳೆಯ ದೃಷ್ಟಿಯಿಂದ ಆತನ ಅರ್ಥ ಇನ್ನೂ ಕಚ್ಚಾ, ಪುರಾಣದ ಓದು ಸಾಲದು. ಪಕ್ಷ ಹಿಡಿಯುವ ಧೈರ್ಯ ಮಾತ್ರ ನಮ್ಮದೇ.

ಈಗ ದೊಡ್ಡ ಪೂರ್ವಪಕ್ಷ. ಈ ಕುಸ್ತಿಯೆಲ್ಲ ಡೋಂಗಿ, ಯಾರು ಗೆಲ್ಲಬೇಕೆಂದು ಮೊದಲೇ ನಿಶ್ಚಯವಾಗಿರುತ್ತದೆ, ಒಟ್ಟಿನಲ್ಲಿ ಮಿಥ್ಯೆ. ಜಗತ್ತು ಸತ್ಯವೆಂದು ಏಳು ಶತಮಾನಗಳಿಂದ ವಾದಿಸುತ್ತ ಬಂದ ಉಡುಪಿಯ ರಥಬೀದಿಯ ಆಸುಪಾಸಿನಲ್ಲಿ ನಿಂತು ಹೀಗೆ ಹೇಳುವವನು ತಾನು ಯಾರ ಪಕ್ಷಕ್ಕೆ ವಾದಿಸುತ್ತಿದ್ದೇನೆ ಎಂದು ಒಮ್ಮೆ ಯೋಚಿಸಬೇಕು. ಅಭಿಮನ್ಯು ಚಕ್ರವ್ಯೂಹದಿಂದ ಹೊರಗೆ ಬರುವುದಿಲ್ಲವೆಂದು ಟಿಕೆಟ್ ತೆಗೆಯುವ ಮೊದಲೇ ಎಲ್ಲರಿಗೂ ಗೊತ್ತು. ಫಲಿತಾಂಶ ಮೊದಲೇ ನಿಶ್ಚಯವಾಗಿತ್ತೆಂದು ಯಾರೂ ದುಡ್ಡು ವಾಪಸು ಕೇಳಿದ್ದಿಲ್ಲ. ಅಮೆರಿಕದವರಿಗೆ ಈ ಸಂಸ್ಕಾರ ಇಲ್ಲದ ಕಾರಣ ಗುಟ್ಟು ಕಾಯಬೇಕಾಯಿತು. ಕೊನೆಗೆ 1989ರಲ್ಲಿ ಕಂಪನಿಯೇ ನ್ಯೂಜೆರ್ಸಿಯ ಶಾಸಕರ ಮುಂದೆ, ನಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು. ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಕ್ರೀಡಾ ಆಯೋಗದ ನಿಯಂತ್ರಣ, ತೆರಿಗೆ ತಪ್ಪಲಿ ಎಂದು. ಮಣಿಪಾಲದ ಕಡೆಯಿಂದ ಇನ್ನೊಂದು ಆಕ್ಷೇಪ ಬರಬಹುದು. 1953ರಿಂದ ವೈದ್ಯಕೀಯ ಕಾಲೇಜು ಇರುವ, ಅಂಗರಚನೆಗೆ ಒಂದು ಮ್ಯೂಸಿಯಮ್ಮನ್ನೇ ಕಟ್ಟಿದ ಊರು ಅದು. ತಲೆಗೆ ಅಷ್ಟು ಪೆಟ್ಟು ತಿಂದವನು ಎರಡು ನಿಮಿಷದಲ್ಲಿ ಏಳುವುದು ಶರೀರಶಾಸ್ತ್ರಕ್ಕೆ ಸಮ್ಮತವಲ್ಲ ಎಂದು ಅವರು ಹೇಳಿದರೆ ಒಪ್ಪಲೇಬೇಕು. ಆದರೆ ಪೆಟ್ಟು ನಟನೆಯಾದರೂ ಬೀಳುವುದು ನಟನೆಯಲ್ಲ. ಪಾಂಟಿಯಾಕಿಗೆ ಬರುವ ಮುಂಚಿನ ವರ್ಷ ಆಂಡ್ರೆಯ ಬೆನ್ನಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಬಡಗಿನ ಕಲಾವಿದ ಮಂಡಿ ಹಾಕಿ ತಿರುಗುವಾಗಲೂ ಸವೆಯುವುದು ಬಭ್ರುವಾಹನನ ಮಂಡಿಯಲ್ಲ.

ಕರಾವಳಿಯಲ್ಲಿ ನಿಜವಾದ ಸ್ಪರ್ಧೆಗಳಿಗೇನು ಬರವೇ, ಕುಸ್ತಿಯನ್ನು ಕೋಳಿ ಅಂಕಕ್ಕೆ ಹೋಲಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಹೋಲಿಸಲಾಗದು. ಅಂಕದಲ್ಲಿ ಸತ್ತ ಕೋಳಿ ಸಂಜೆಗೆ ಸಾರಾಗುತ್ತದೆ. ರಂಗದಲ್ಲಿ ಸತ್ತ ಅಭಿಮನ್ಯು ಬೆಳಗಿನ ಜಾವ ವೇಷ ಕಟ್ಟುವ ಚೌಕಿಯಲ್ಲಿ ಕುಳಿತು ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿ, ತನ್ನನ್ನು ಕೊಂದವನಿಂದಲೇ ಎಲೆ ಅಡಿಕೆ ಇಸಿದುಕೊಂಡು, ಮಾರನೆಯ ದಿನ ಇನ್ನೊಂದು ಊರಿನಲ್ಲಿ ಸಾಯುವುದಕ್ಕೆ ಅದೇ ಬಸ್ಸು ಹತ್ತುತ್ತಾನೆ. ರಾಮ, ರಾವಣರು ಒಂದೇ ಬಸ್ಸಿನಲ್ಲಿ ತೂಕಡಿಸುವುದನ್ನು ಕಂಡು ಇಲ್ಲಿ ಯಾರ ಭಕ್ತಿಯೂ ಕಡಿಮೆಯಾಗಿಲ್ಲ. ಅದೇ 1987ರ ಮೇ 26ರಂದು ಕಣದಲ್ಲಿ ಬದ್ಧವೈರಿಗಳಾದ ಐರನ್ ಶೇಖ್ ಮತ್ತು ಜಿಮ್ ಡಗ್ಗನ್ ಒಂದೇ ಕಾರಿನಲ್ಲಿ ಹೋಗುತ್ತಿದ್ದಾಗ ನ್ಯೂಜೆರ್ಸಿಯ ಪೊಲೀಸರ ಕೈಗೆ ಮಾದಕ ವಸ್ತುವಿನ ಸಮೇತ ಸಿಕ್ಕಿಬಿದ್ದರು. ಪತ್ರಿಕೆಗಳಿಗೆ ವಸ್ತುವಿಗಿಂತ ಒಂದೇ ಕಾರು ಎಂಬುದು ದೊಡ್ಡ ಸುದ್ದಿಯಾಯಿತು, ಕಂಪನಿ ಇಬ್ಬರನ್ನೂ ಹೊರಗೆ ಹಾಕಿತು. ಮೇಳದ ಶಿಸ್ತಿನ ಪ್ರಕಾರ ತಪ್ಪು ಕಾರಿನದ್ದೂ ಅಲ್ಲ, ವೈರಿಗಳದ್ದೂ ಅಲ್ಲ, ತಾರೀಕಿನದ್ದು. ಪತ್ತನಾಜೆ ಬೀಳುವುದು ಮೇ 24, 25ರ ಸುಮಾರಿಗೆ. ಅಂದು ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿ ಕಳೆಯುವವರೆಗೆ ತಿರುಗಾಟವಿಲ್ಲ. ಪತ್ತನಾಜೆ ಕಳೆದ ಮೇಲೂ ಆ ರಾತ್ರಿಯ ಆಟಕ್ಕೆ ಹೊರಟದ್ದರಿಂದಲೇ ಇಬ್ಬರೂ ಸಿಕ್ಕಿಬಿದ್ದರು. ಊರಿನ ಕ್ರಮ ನೆನಪಿದ್ದಿದ್ದರೆ ಮಳೆಗಾಲದಲ್ಲಿ ಮನೆಯಲ್ಲಿ ಕುಳಿತು ಮೈಕೈ ನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳಬಹುದಿತ್ತು, ತೀರಾ ಬೇಸರವಾದರೆ ಒಂದೆರಡು ತಾಳಮದ್ದಳೆ ಮಾಡಬಹುದಿತ್ತು. ಶೇಖ್‌ಗೆ ರಾವಣ, ಡಗ್ಗನ್‌ಗೆ ಅಂಗದ. ಪೈಪರ್‌ಗೆ ಶಕುನಿಯ ಅರ್ಥ ಧಾರಾಳವಾಗಿ ಕೊಡಬಹುದಿತ್ತು. ಹೋಗನ್‌ಗೆ ಏನು ಕೊಡುವುದೆಂಬುದು ಕಷ್ಟದ ಪ್ರಶ್ನೆ: ಅಂಗಿ ಹರಿಯದೆ, ಕೂತಲ್ಲಿಂದ ಏಳದೆ, ಬರೀ ಮಾತಿನಲ್ಲಿ ಎರಡು ತಾಸು ಎದುರಾಳಿಗೆ ಉತ್ತರ ಕೊಡಬಲ್ಲ ಅರ್ಥಧಾರಿಯ ಲಕ್ಷಣ ಆತನಲ್ಲಿ ಕಾಣುತ್ತಿರಲಿಲ್ಲ.